ಕಣದಿಂದಾಚೆಗೆ

ಸುಗ್ಗಿಯ ದಿನಗಳಲ್ಲಿ ನಂಜನಗೂಡಿನಿಂದ ತಿ. ನರಸೀಪುರದ ಕಡೆಗೆ ಹೊರಟವರಿಗೆ ರಸ್ತೆ ಅರ್ಧವೇ ಸಿಗುತ್ತದೆ. ಉಳಿದರ್ಧ ಭತ್ತದ್ದು. ಡಾಂಬರಿನ ಅಂಚಿಗೆ ಉದ್ದಕ್ಕೂ ಹರಡಿದ ಕಾಳು, ಗಾಡಿಗಳು ಮೇಲೆ ಹರಿಯದಿರಲೆಂದು ಸಾಲಾಗಿ ಇಟ್ಟ ಕಲ್ಲು ಮತ್ತು ಮುಳ್ಳಿನ ಕೊಂಬೆ, ಕಾಳಿನೊಳಗೆ ಬರಿಗಾಲಲ್ಲಿ ಗೆರೆ ಎಳೆಯುತ್ತ ಬಿಸಿಲಿಗೆ ತಿರುವಿಹಾಕುವ ಹೆಂಗಸರು. ಹಿಂದೆ ಕೊಯ್ದ ಪೈರು ಮೆದೆಯಲ್ಲಿ ಒಣಗಿ, ಕಣದಲ್ಲಿ ಒಕ್ಕಣೆಯಾಗಿ, ತೂರಿಸಿಕೊಂಡು, ರಾಶಿ ಪೂಜೆ ಮುಗಿದ ಮೇಲೆ ಮನೆ ಸೇರುತ್ತಿತ್ತು. ಈಗ ಕೊಯ್ಲು ಯಂತ್ರ ನೋಡನೋಡುತ್ತಲೇ ಗದ್ದೆಯನ್ನು ಬೋಳು ಮಾಡಿ ಹಸಿ ಕಾಳನ್ನೇ ಟ್ರ್ಯಾಕ್ಟರಿಗೆ ಸುರಿಯುತ್ತದೆ. ಸರ್ಕಾರದ ಖರೀದಿ ಕೇಂದ್ರದಲ್ಲಿ ತೇವಾಂಶ ಶೇ 17ರ ಮಿತಿ ದಾಟಿರಬಾರದು. ಊರೊಳಗೆ ಹಳೆಯ ಕಣಗಳ ಜಾಗದಲ್ಲಿ ಮನೆಗಳೆದ್ದಿವೆ. ಸಂಜೆ ಮೋಡ ಕವಿದರೆ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ರಸ್ತೆಗೆ ಓಡಬೇಕು. ಅಷ್ಟರಲ್ಲಿ ಒಂದು ಲಾರಿ ಬಂದು ಪಕ್ಕಕ್ಕೆ ನಿಲ್ಲುತ್ತದೆ. ಇದ್ದ ಹಾಗೇ ತುಂಬಿಕೊಂಡು ಹೋಗುತ್ತೇವೆ ಎನ್ನುತ್ತಾರೆ ಬಂದವರು. ಹೂಂ ಎನ್ನದೆ ವಿಧಿಯಿಲ್ಲ. ಆ ಹೊತ್ತಿನಿಂದ ಆ ಭತ್ತಕ್ಕೆ ಊರಿಲ್ಲ, ತಳಿಯಿಲ್ಲ, ಬೆಳೆದವರ ಹೆಸರಿಲ್ಲ.

ರೈತರು ಮೌಲ್ಯವರ್ಧನೆ ಮಾಡಬೇಕು, ಉದ್ಯಮಿಗಳಾಗಬೇಕು ಎಂಬ ಮಾತು ಈಗ ಕೃಷಿ ಮೇಳಗಳ ವೇದಿಕೆಯಲ್ಲಿ ಸ್ವಾಗತ ಭಾಷಣದಷ್ಟೇ ಖಾಯಂ ಆಗಿದೆ. ಆ ಮಾತಿನ ಹಿಂದೆಯೇ ಬರುವುದು ಯಂತ್ರ: ಚಿಪ್ಸ್ ಕರಿಯುವುದು, ಪುಡಿ ಮಾಡುವುದು, ಪೊಟ್ಟಣ ಕಟ್ಟುವುದು. ಕಬಿನಿಯ ದಡ ಹಿಡಿದು ಮೈಸೂರಿನಿಂದ ನಂಜನಗೂಡು, ಸುತ್ತೂರು, ಹದಿನಾರು, ನರಸೀಪುರಗಳ ಸುತ್ತು ಹಾಕಿದರೆ ಈ ಕ್ರಮವೇ ತಿರುವುಮುರುವಾಗಿದೆ ಎನ್ನಿಸುತ್ತದೆ. ಇಲ್ಲಿ ಬೆಳೆಗೆ ಕೊರತೆಯಿಲ್ಲ, ತಂತ್ರಜ್ಞಾನಕ್ಕೆ ಬರವಿಲ್ಲ, ಕಾರ್ಖಾನೆಗಳೂ ಬೇಕಾದಷ್ಟಿವೆ. ಇಲ್ಲದ್ದು ಒಣಗಿಸುವ ಜಾಗ, ಎಲ್ಲರೂ ಒಪ್ಪುವ ಅಳತೆ, ನಾಲ್ಕು ತಿಂಗಳು ಕಾಯುವ ಶಕ್ತಿ ಮತ್ತು ತಮ್ಮದೇ ಆದ ಹೆಸರು. ಬೆಲೆ ಹುಟ್ಟುವುದು ಈ ನಾಲ್ಕರಲ್ಲಿ. ಇವು ಯಾರ ಕೈಯಲ್ಲಿವೆಯೋ ಅವರದೇ ಲಾಭ. ಯಂತ್ರ ಆಮೇಲಿನ ಮಾತು.

ತಂತ್ರಜ್ಞಾನಕ್ಕೆ ಬರವಿಲ್ಲ ಎಂದದ್ದಕ್ಕೆ ಪುರಾವೆ ಮೈಸೂರಿನಲ್ಲೇ ಇದೆ. ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಮೈಸೂರಿಗರ ಬಾಯಲ್ಲಿ ಸಿಎಫ್‌ಟಿಆರ್‌ಐ, 1950ರಲ್ಲಿ ಚೆಲುವಾಂಬ ವಿಲಾಸದ ಅರಮನೆಯಲ್ಲಿ ಶುರುವಾಯಿತು. ಎಮ್ಮೆ ಹಾಲಿನಿಂದ ಹಸುಗೂಸಿನ ಆಹಾರ ತಯಾರಿಸುವ ವಿಧಾನ ಅಲ್ಲಿಯ ವಿಜ್ಞಾನಿಗಳ ದೊಡ್ಡ ಸಾಧನೆಗಳಲ್ಲೊಂದು. ಆ ವಿದ್ಯೆ ಹೋಗಿ ನೆಲೆ ನಿಂತದ್ದು ಗುಜರಾತಿನ ಆನಂದ್ ಪಟ್ಟಣದಲ್ಲಿ. ದೇಶದ ಮನೆಮನೆಗೆ ಹೋದದ್ದು ಅಮುಲ್ ಡಬ್ಬಿಯಲ್ಲಿ. ನಂಜನಗೂಡು ಆ ಸಂಸ್ಥೆಯಿಂದ ಗಾಡಿಯಲ್ಲಿ ಒಂದು ಗಂಟೆಯೂ ಇಲ್ಲ, ಆನಂದ್‌ಗೆ ಹೋಗಲು ರೈಲಿನಲ್ಲಿ ದಿನಗಟ್ಟಲೆ ಬೇಕಿತ್ತು. ಆದರೂ ಅಲ್ಲಿಗೆ ಹೋಯಿತೇಕೆ ಎಂದರೆ, ಆ ವಿದ್ಯೆಯನ್ನು ಕೈನೀಡಿ ತೆಗೆದುಕೊಳ್ಳಲು ಅಲ್ಲಿ 1946ರಿಂದಲೇ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಂಘವೊಂದಿತ್ತು. ಸಂಘ ಕಟ್ಟಿದ್ದು 1946ರಲ್ಲಿ, ಹಾಲಿನ ಪುಡಿಯ ದೊಡ್ಡ ಕಾರ್ಖಾನೆ ಬಂದದ್ದು 1955ರಲ್ಲಿ. ನಡುವಿನ ಒಂಬತ್ತು ವರ್ಷ ಆ ರೈತರು ಹಾಲು ಅಳೆಯುವುದನ್ನೂ ಲೆಕ್ಕ ಒಪ್ಪಿಸುವುದನ್ನೂ ಒಬ್ಬರನ್ನೊಬ್ಬರು ನಂಬುವುದನ್ನೂ ಕಲಿತರು.

ಅಷ್ಟು ದೂರದ ಮಾತೇಕೆ ಎನ್ನುವವರಿಗೆ ನಂಜನಗೂಡಿನ ಹಲ್ಲುಪುಡಿ ಇದೆ. 1913ರಲ್ಲಿ ಬಿ.ವಿ. ಪಂಡಿತರು ಇಲ್ಲಿ ಸದ್ವೈದ್ಯಶಾಲೆ ತೆರೆದರು. ಹಳೆ ಮೈಸೂರಿನ ಎಷ್ಟೋ ತಲೆಮಾರುಗಳು ಬೆಳಗ್ಗೆ ಎದ್ದು ಹಲ್ಲು ತಿಕ್ಕಿದ ಆ ಪುಡಿಯ ಮುಖ್ಯ ಸಾಮಗ್ರಿ ಭತ್ತದ ಹೊಟ್ಟು. ಊರಿನ ಅಕ್ಕಿ ಗಿರಣಿಯ ಹಿಂದೆ ಗುಡ್ಡೆ ಬಿದ್ದು ಗಾಳಿಗೆ ಹಾರುವ, ಇಟ್ಟಿಗೆ ಗೂಡಿನವರು ಬಂದು ಹೊತ್ತೊಯ್ದರೆ ಸಾಕು ಎನ್ನುವ ವಸ್ತು ಅದು. ಒಂದು ಕ್ವಿಂಟಲ್ ಭತ್ತ ಗಿರಣಿಗೆ ಹೋದರೆ ಸರ್ಕಾರಿ ಲೆಕ್ಕದಲ್ಲಿ 67 ಕೆ.ಜಿ. ಅಕ್ಕಿ ಬರಬೇಕು. ಉಳಿದದ್ದು ತೌಡು, ನುಚ್ಚು, ಹೊಟ್ಟು. ಹೊಟ್ಟೇ ಸುಮಾರು 20 ಕೆ.ಜಿ. ತೌಡಿನಿಂದ ಅಡುಗೆ ಎಣ್ಣೆ ತೆಗೆಯುತ್ತಾರೆ, ಹಿಂಡಿದ ಮೇಲೆ ಉಳಿದದ್ದು ದನದ ಮೇವಿಗೆ ಹೋಗುತ್ತದೆ, ಹೊಟ್ಟು ಬಾಯ್ಲರಿನ ಸೌದೆ. ಭತ್ತವನ್ನು ಭತ್ತವಾಗಿಯೇ ಮಾರಿದವರಿಗೆ ಇದಾವುದರ ಲೆಕ್ಕವೂ ದಕ್ಕುವುದಿಲ್ಲ. ಪಂಡಿತರ ಹೆಚ್ಚುಗಾರಿಕೆ ಯಂತ್ರದಲ್ಲಿರಲಿಲ್ಲ. ಯಾರಿಗೂ ಬೇಡದ್ದಕ್ಕೆ ಒಂದು ಉಪಯೋಗ ಕಂಡುಕೊಂಡರು. ಪ್ರತಿ ಪೊಟ್ಟಣವೂ ಹಿಂದಿನದರಂತೆಯೇ ಇರುವ ಹಾಗೆ ನೋಡಿಕೊಂಡರು. ಅದರ ಮೇಲೆ ಊರಿನ ಹೆಸರು ಹಾಕಿದರು. ನಂಜನಗೂಡು ಎಂದರೆ ನಂಜುಂಡೇಶ್ವರ, ರಸಬಾಳೆ, ಹಲ್ಲುಪುಡಿ ಎಂದು ಒಂದೇ ಉಸಿರಿಗೆ ಹೇಳುವಂತಾದದ್ದು ಹೀಗೆ. ಈ ಮೂರರಲ್ಲಿ ನಡುವಿನದು ಮಾತ್ರ ರೈತರದು, ಸೊರಗಿದ್ದೂ ಅದೇ.

ಕಾರ್ಖಾನೆ ಬಂದರೆ ಸುತ್ತಲಿನ ಹೊಲ ಉದ್ಧಾರವಾಗುತ್ತದೆ ಎಂಬ ನಂಬಿಕೆಗೂ ನಂಜನಗೂಡೇ ಉತ್ತರ ಹೇಳುತ್ತದೆ. ಇಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ನೆಸ್ಲೆಯ ಕಾರ್ಖಾನೆ ಇದೆ. ಅಲ್ಲಿ ತಯಾರಾಗುವ ನೂಡಲ್ಸ್‌ಗೆ ಗೋಧಿ ಬೇಕು, ದಿಢೀರ್ ಕಾಫಿಗೆ ಕಾಫಿ ಬೀಜ ಬೇಕು. ಎರಡೂ ಕಬಿನಿ ನಾಲೆಯ ಬಯಲಿನ ಬೆಳೆಗಳಲ್ಲ. ಕೆಲಸ ಸಿಕ್ಕಿದೆ, ಅದು ಸಣ್ಣ ಮಾತಲ್ಲ, ಆದರೆ ಗದ್ದೆಗೂ ಗೇಟಿಗೂ ಸಂಬಂಧವಿಲ್ಲ. ಸಂಬಂಧ ಇರುವ ಕಡೆ, ಅಂದರೆ ಅಳಗಂಚಿಯ ಸಕ್ಕರೆ ಕಾರ್ಖಾನೆಯ ವಿಚಾರದಲ್ಲಿ, ಪ್ರಶ್ನೆ ಬೇರೆ. ಕಬ್ಬಿಗೆ ಕೇಂದ್ರ ಸರ್ಕಾರ ನ್ಯಾಯಯುತ ಬೆಲೆ ಕಟ್ಟುತ್ತದೆ. 2025-26ರ ಹಂಗಾಮಿಗೆ ಶೇ 10.25 ಇಳುವರಿಗೆ ಟನ್ನಿಗೆ 3,550 ರೂಪಾಯಿ. ಅದೇ ಕಬ್ಬಿನ ಸಿಪ್ಪೆಯಿಂದ ಕರೆಂಟು, ಕಾಕಂಬಿಯಿಂದ ಎಥೆನಾಲ್ ತೆಗೆಯುವ ಉದ್ಯಮ ದೇಶದ ತುಂಬ ಬೆಳೆದಿದೆ. ಇವೆಲ್ಲದರ ಆದಾಯದಲ್ಲಿ ಬೆಳೆಗಾರರಿಗೆ ಶೇ 70ರ ಪಾಲು ಸಲ್ಲಬೇಕೆಂದು ರಂಗರಾಜನ್ ಸಮಿತಿ 2012ರಲ್ಲಿ ಹೇಳಿತು. ಕರ್ನಾಟಕ ಅದರ ಜಾಡಿನಲ್ಲಿ 2013ರಲ್ಲಿ ಕಾಯ್ದೆಯನ್ನೂ ಮಾಡಿತು. ಆದರೂ ಹಂಗಾಮು ಬಂದಾಗಲೆಲ್ಲ ಬೆಲೆಗಾಗಿ ಹೋರಾಟ ತಪ್ಪಿಲ್ಲ. ಎಷ್ಟು ಕಬ್ಬು ತೂಗಿತು, ಎಷ್ಟು ಇಳುವರಿ ಬಂತು ಎಂದು ಅಳೆಯುವ ಕೈ ಕೊಳ್ಳುವವರದೇ ಆಗಿರುವಾಗ ಕಾಗದದ ಮೇಲಿನ ಪಾಲು ಅಷ್ಟಕ್ಕಷ್ಟೆ.

ಈಗ ರಸಬಾಳೆ. ನಂಜನಗೂಡಿಗೆ ಸೇರಿದಂತೆಯೇ ಇರುವ ದೇವರಸನಹಳ್ಳಿ ಇದರ ತವರು ಎಂದು ಹೆಸರಾದ ಊರು. ತೆಳು ಸಿಪ್ಪೆ, ಬಾಯಲ್ಲಿಟ್ಟರೆ ಕರಗುವ ತಿರುಳು, ಕೋಣೆಯಲ್ಲಿ ಗೊನೆ ಇದ್ದರೆ ಹಜಾರಕ್ಕೆ ಗೊತ್ತಾಗುವ ಪರಿಮಳ. ಇದನ್ನು ಹೊಡೆದುರುಳಿಸಿದ್ದು ಪನಾಮ ಸೊರಗು ರೋಗ. ಮಣ್ಣಿನಲ್ಲಿರುವ ಶಿಲೀಂಧ್ರವೊಂದು ಬೇರಿನಿಂದ ಹತ್ತಿ ಗಿಡದ ನೀರಿನ ದಾರಿಯನ್ನೇ ಕಟ್ಟುತ್ತದೆ. ರೋಗದ ಗಿಡದ ಕಂದು ಕಿತ್ತು ಬೇರೆಡೆ ನೆಟ್ಟರೆ ರೋಗವೂ ಜೊತೆಗೆ ಹೋಗುತ್ತದೆ. ಒಮ್ಮೆ ಮಣ್ಣು ಸೇರಿತೆಂದರೆ ದಶಕಗಟ್ಟಲೆ ಬಿಡುವುದಿಲ್ಲ. ಮಧ್ಯ ಅಮೆರಿಕದ ದೊಡ್ಡ ಕಂಪನಿಗಳ ತೋಟಗಳಲ್ಲಿದ್ದ ಗ್ರೋಸ್ ಮಿಶೆಲ್ ಎಂಬ ತಳಿಯನ್ನು ಇದೇ ಕಾಯಿಲೆ ಅಳಿಸಿಹಾಕಿ, 1950-60ರ ದಶಕಗಳಲ್ಲಿ ಜಗತ್ತಿನ ವ್ಯಾಪಾರವನ್ನೇ ಕ್ಯಾವೆಂಡಿಶ್ ಬಾಳೆಯ ಕಡೆ ತಿರುಗಿಸಿತು. ಬೇಸಾಯದ ತಜ್ಞರು ಅಂಗಾಂಶ ಕೃಷಿಯ ರೋಗರಹಿತ ಸಸಿಗಳ ದಾರಿ ತೋರಿಸಿದ್ದಾರೆ. ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ ಇದೇ ತಾಲೂಕಿನಲ್ಲಿದೆ. ಆದರೆ ಸಸಿ ಸಿಕ್ಕ ಮಾತ್ರಕ್ಕೆ ಅಪಾಯದ ಬೆಳೆಗೆ ಯಾರೂ ಕೈ ಹಾಕುವುದಿಲ್ಲ. ಅಪಾಯಕ್ಕೆ ತಕ್ಕ ಬೆಲೆ ಖಾತರಿಯಾಗಬೇಕು. ಆ ಖಾತರಿ ಕೊಡಬೇಕಾಗಿದ್ದದ್ದು ಹೆಸರು.

ಹೆಸರಿನ ಕಥೆಯಲ್ಲೇ ಈ ಸೀಮೆಯ ದೊಡ್ಡ ಪಾಠ ಅಡಗಿದೆ. ನಂಜನಗೂಡು ರಸಬಾಳೆಗೂ ಮೈಸೂರು ರೇಷ್ಮೆಗೂ ಭೌಗೋಳಿಕ ಸೂಚಕ ಮಾನ್ಯತೆ ಬಂದದ್ದು ಒಂದೇ ಸುಮಾರಿಗೆ, 2005-06ರಲ್ಲಿ. ಒಂದೇ ಕಾನೂನು, ಒಂದೇ ಕಾಲ. ರೇಷ್ಮೆಯ ಹೆಸರು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಅದು ನೂಲು ತೆಗೆಯುತ್ತದೆ, ನೇಯುತ್ತದೆ, ಸ್ವಂತ ಮಳಿಗೆಯಲ್ಲಿ ಮಾರುತ್ತದೆ, ಸೀರೆ ಸೀರೆಗೂ ಬೇರೆ ಸಂಖ್ಯೆ ಹಾಕುತ್ತದೆ. ಬಾಳೆಯ ಹೆಸರು ತೋಟಗಾರಿಕೆ ಇಲಾಖೆಯಲ್ಲಿ ನೋಂದಣಿಯಾಗಿ ಕೂತಿದೆ. ಇಲಾಖೆ ಬಾಳೆಹಣ್ಣಿನ ವ್ಯಾಪಾರಕ್ಕೆ ಇಳಿಯುವುದಿಲ್ಲ, ಇಳಿಯುವುದು ಅದರ ಕೆಲಸವೂ ಅಲ್ಲ. ಪರಿಣಾಮ ಎದುರಿಗಿದೆ. ಮೈಸೂರು ರೇಷ್ಮೆ ಸೀರೆಗೆ ಈಚಿನ ವರ್ಷಗಳಲ್ಲಿ ಮಳಿಗೆಯ ಬಾಗಿಲು ತೆರೆಯುವ ಮೊದಲೇ ಜನ ಸಾಲು ನಿಲ್ಲುತ್ತಿದ್ದಾರೆ. ರಸಬಾಳೆಯ ಹೆಸರು ಹೇಳಿ ಇನ್ನೆಲ್ಲೋ ಬೆಳೆದ ಹಣ್ಣು ಮಾರಿದರೆ ಕೇಳುವವರಿಲ್ಲ. ಕಾನೂನು ಹೆಸರನ್ನು ಕಾಪಾಡುತ್ತದೆ ಎನ್ನುವುದು ಅರ್ಧ ಸತ್ಯ. ಸರಕನ್ನು ವಿಂಗಡಿಸಿ, ಮುದ್ರೆ ಒತ್ತಿ, ತಪ್ಪಿದವರನ್ನು ಹಿಡಿಯುವ ಸಂಘಟನೆ ಇದ್ದರೆ ಮಾತ್ರ ಕಾನೂನಿಗೆ ಕೈಕಾಲು ಬರುತ್ತದೆ.

ಪಕ್ಕದ ತಮಿಳುನಾಡಿನ ಪಳನಿಯನ್ನು ನೋಡಿ. ಅಲ್ಲಿಯ ಬೆಟ್ಟದ ವಿರೂಪಾಕ್ಷಿ ಬಾಳೆಯೂ ರೋಗಕ್ಕೆ ಸಿಕ್ಕಿ ನಲುಗಿದ ತಳಿಯೇ. ಆದರೆ ಪಳನಿಯ ಮುರುಗನ ಪಂಚಾಮೃತಕ್ಕೆ ಬಾಳೆಹಣ್ಣೇ ಆಧಾರ. ಬೆಲ್ಲ, ತುಪ್ಪ, ಜೇನು, ಏಲಕ್ಕಿ ಸೇರಿಸಿ ಕಲಸಿದ ಆ ಪ್ರಸಾದವನ್ನು ದೇವಸ್ಥಾನವೇ ಡಬ್ಬಿ ತುಂಬಿ ಮಾರುತ್ತದೆ, 2019ರಲ್ಲಿ ಅದಕ್ಕೂ ಭೌಗೋಳಿಕ ಸೂಚಕ ಬಂತು. ಭಕ್ತರು ಹಣ್ಣನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಹಣ್ಣೇ ಭಕ್ತರಿರುವ ಕಡೆ ಬಂದಿದೆ. ನಂಜನಗೂಡಿನಲ್ಲಿ ದೇವಸ್ಥಾನವಿದೆ, ದೊಡ್ಡ ಜಾತ್ರೆಯಿದೆ, ಹುಣ್ಣಿಮೆ ಅಮಾವಾಸ್ಯೆಗೆ ಮುಗಿಬೀಳುವ ಜನವಿದ್ದಾರೆ, ಪಕ್ಕದ ಜಿಲ್ಲೆ ಮಂಡ್ಯದಲ್ಲಿ ಆಲೆಮನೆಗಳ ಬೆಲ್ಲವಿದೆ. ಊರಿನ ಹೆಸರು ಹೊತ್ತ ಹಣ್ಣಿಗೂ ಊರಿನ ದೇವರಿಗೂ ನಡುವೆ ಇಂಥದ್ದೊಂದು ಖಾಯಂ ಒಪ್ಪಂದ ಏಕಿರಬಾರದು? ಅಷ್ಟು ಹಣ್ಣು ಎಲ್ಲಿದೆ ಎನ್ನುತ್ತಾರೆ. ಕೊಳ್ಳುವವರು ಖಚಿತವಾದರೆ ಬೆಳೆಯುವವರು ಹುಟ್ಟುತ್ತಾರೆ. ಕೊಳ್ಳುವವರನ್ನು ಗೊತ್ತು ಮಾಡದೆ ಸಸಿ ಹಂಚಿ, ಬೆಳೆಯಿರಿ ಎನ್ನುವುದು ರೈತರ ದುಡ್ಡಿನಲ್ಲಿ ಆಡುವ ಜೂಜು.

ಇದೇ ಬಾಳೆಯ ವಿಚಾರದಲ್ಲಿ ಸರ್ಕಾರದ ಯೋಜನೆಯೊಂದನ್ನೂ ತೂಗಿ ನೋಡಬೇಕು. ಕಿರು ಆಹಾರ ಸಂಸ್ಕರಣೆ ಉದ್ದಿಮೆಗಳಿಗೆ ನೆರವಾಗಲು 2020ರಲ್ಲಿ ಕೇಂದ್ರ ತಂದ ಯೋಜನೆಯಲ್ಲಿ ಜಿಲ್ಲೆಗೊಂದು ಉತ್ಪನ್ನ ಎಂದು ಮೈಸೂರಿಗೆ ಸಿಕ್ಕದ್ದು ಬಾಳೆ. ಯಂತ್ರಕ್ಕೆ ಶೇ 35 ಸಹಾಯಧನ; ರಾಜ್ಯ ತನ್ನ ಪಾಲು ಸೇರಿಸಿ ಅದನ್ನು ಶೇ 50ಕ್ಕೆ ಏರಿಸಿತು. ಉದ್ದೇಶ ಒಳ್ಳೆಯದೇ. ಆದರೆ ಚಿಪ್ಸ್‌ಗೆ ಹೇಳಿ ಮಾಡಿಸಿದ್ದು ಕೇರಳದ ನೇಂದ್ರ, ಅದರ ಮಾರುಕಟ್ಟೆ ಆಗಲೇ ಕಟ್ಟಿಕೊಂಡಾಗಿದೆ. ಏಲಕ್ಕಿ, ಪಚ್ಚಬಾಳೆ, ರಸಬಾಳೆಗಳು ತಿನ್ನುವ ಹಣ್ಣುಗಳು. ತಿನ್ನುವ ಹಣ್ಣಿಗೆ ಬೆಲೆ ಸೇರುವುದು ಬಾಣಲೆಯಲ್ಲಲ್ಲ, ಮಾಗಿಸುವ ಕೋಣೆಯಲ್ಲಿ. ಇಲ್ಲಿಯ ಗೊನೆ ಹಸಿರು ಕಾಯಾಗಿ ಲಾರಿ ಹತ್ತುತ್ತದೆ. ಪಟ್ಟಣದ ಮಂಡಿಯಲ್ಲಿ ಹಣ್ಣಾಗಿ, ಚಿಪ್ಪು ಚಿಪ್ಪಾಗಿ, ತೂಕಕ್ಕೆ ಮಾರಾಟವಾಗುತ್ತದೆ. ಗ್ರಾಹಕರು ಬಾಳೆಹಣ್ಣಿಗೆ ಕೊಡುವ ಒಂದು ರೂಪಾಯಿಯಲ್ಲಿ ರೈತರಿಗೆ ತಲುಪುವುದು ಸುಮಾರು 31 ಪೈಸೆ ಎಂದು ರಿಸರ್ವ್ ಬ್ಯಾಂಕಿನ 2024ರ ಅಧ್ಯಯನವೊಂದು ಹೇಳುತ್ತದೆ. ಉಳಿದ 69 ಪೈಸೆಯಲ್ಲಿ ಸಾಗಣೆ ಇದೆ, ಕೊಳೆತು ಹೋದದ್ದರ ನಷ್ಟ ಇದೆ, ಅಂಗಡಿ ಬಾಡಿಗೆ ಇದೆ. ಅದೆಲ್ಲ ಮೋಸವೆಂದು ಕೂಗುವುದು ತಿಳಿಗೇಡಿತನ. ಆದರೆ ಎಥಿಲೀನ್ ಅನಿಲದಲ್ಲಿ ಮಾಗಿಸುವ ಒಂದು ಕೋಣೆ, ಹಣ್ಣು ಜೋಡಿಸುವ ಪ್ಲಾಸ್ಟಿಕ್ ಕ್ರೇಟು ಊರಿನ ಸಂಘದಲ್ಲೇ ಇದ್ದರೆ ಆ 69ರಲ್ಲಿ ಒಂದಷ್ಟು ಇತ್ತ ಸರಿಯುತ್ತದೆ. ನಿಷೇಧವಾಗಿರುವ ಕಾರ್ಬೈಡಿನ ಭಯವಿಲ್ಲದ ಹಣ್ಣು ಎಂದು ಹೇಳಿಕೊಳ್ಳುವ ಹಕ್ಕೂ ಬರುತ್ತದೆ. ಈ ಕಾಲದಲ್ಲಿ ಅದು ಸಣ್ಣ ಬಂಡವಾಳವಲ್ಲ.

ಹದಿನಾರು ಹಳೆಯ ಊರು. ಮೈಸೂರು ಅರಸು ಮನೆತನದ ಐತಿಹ್ಯ 1399ರಲ್ಲಿ ಶುರುವಾಗುವುದೇ ಇಲ್ಲಿಂದ. ಹದಿನಾಡಿನ ಒಡತಿಯರನ್ನು ಕಾರುಗಹಳ್ಳಿಯ ಮಾರನಾಯಕನ ಕಾಟದಿಂದ ಪಾರು ಮಾಡಿದ ಯದುರಾಯ ಇಲ್ಲಿಯ ಅಳಿಯನಾಗಿ ದೊರೆಯಾದನೆಂಬುದು ಆ ಕಥೆ. ದೊರೆತನ ಮೈಸೂರಿಗೆ ಹೋಯಿತು, ಹೆಸರುಗಳೂ ಹೋದವು. ಸೀಮೆಯ ವೀಳ್ಯದೆಲೆ, ಮಲ್ಲಿಗೆ, ರೇಷ್ಮೆ ಎಲ್ಲವೂ ಈಗ ಮೈಸೂರಿನವು. ಹದಿನಾರಿನ ಹೆಸರನ್ನು ಇಂದಿಗೂ ಹೊರಗಿನ ಲೋಕದಲ್ಲಿ ಉಳಿಸಿರುವುದು ಅಲ್ಲಿಯ ಕೆರೆ, ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳು. ಮಂಗೋಲಿಯಾದ ಕಡೆಯಿಂದ ಹಿಮಾಲಯ ಹಾರಿ ಬರುವ ಈ ಹಕ್ಕಿಗಳಿಗೆ ಇಲ್ಲಿಯ ನೀರೂ ಕೊಯ್ಲಾದ ಗದ್ದೆಗಳ ಮೇವೂ ಒಗ್ಗಿವೆ. ಅವನ್ನು ನೋಡಲು ಕ್ಯಾಮೆರಾ ಹೊತ್ತು ನಗರಗಳಿಂದ ಜನ ಬರುವುದೂ ಸುಗ್ಗಿಯ ಹೊತ್ತಿಗೇ. ಅವರು ವಾಪಸು ಹೋಗುವಾಗ ಕಾರಿನಲ್ಲಿ ಇಲ್ಲಿಯ ಐದು ಕೆ.ಜಿ. ಅಕ್ಕಿ ಒಯ್ಯೋಣವೆಂದರೂ ಊರಿನ ಹೆಸರಿರುವ ಚೀಲ ಕೈಗೆ ಸಿಗುವುದು ಕಷ್ಟ. ಇಷ್ಟು ದೂರದ ಹಕ್ಕಿಗೆ ಗೊತ್ತಿರುವ ಗದ್ದೆ ಮೈಸೂರಿನ ಅಡುಗೆಮನೆಗೆ ಗೊತ್ತಿಲ್ಲ.

ಭತ್ತಕ್ಕೆ ಮೌಲ್ಯ ಸೇರಿಸುವುದಕ್ಕೆ ಯಂತ್ರವೇ ಬೇಡವೆನ್ನುವಷ್ಟು ಸುಲಭವಾದ ದಾರಿಯೊಂದಿದೆ: ಇಟ್ಟುಕೊಳ್ಳುವುದು. ಹೊಸ ಅಕ್ಕಿ ಅನ್ನ ಮಾಡಿದರೆ ಮುದ್ದೆಯಾಗುತ್ತದೆ. ಹಳೆ ಅಕ್ಕಿ ಉದುರುದುರಾಗಿ ಅರಳುತ್ತದೆ. ಅಂಗಡಿಯಲ್ಲಿ ಹಳೆ ಅಕ್ಕಿಗೆ ಹೆಚ್ಚು ಬೆಲೆ ಕೊಡದ ಗೃಹಿಣಿಯಿಲ್ಲ. ಆ ಹೆಚ್ಚಿನ ಬೆಲೆ ಏನು ಮಾಡಿದ್ದಕ್ಕೆ? ಗೋದಾಮಿನಲ್ಲಿ ಬೀಗ ಹಾಕಿ ಇಟ್ಟದ್ದಕ್ಕೆ. 2025-26ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. 67 ಕೆ.ಜಿ. ಅಕ್ಕಿಯ ಲೆಕ್ಕಕ್ಕೆ ಹಂಚಿದರೆ ಕೆ.ಜಿ.ಗೆ 35 ರೂಪಾಯಿ ಚಿಲ್ಲರೆ. ತೌಡು, ಹೊಟ್ಟು ಮಾರಿದ ಹಣ ಗಿರಣಿಯ ಖರ್ಚಿಗೆ ವಜಾ ಹಾಕಿದರೂ, ಅಂಗಡಿಯ ಹಳೆ ಅಕ್ಕಿಯ ಬೆಲೆಗೂ ಇದಕ್ಕೂ ಇರುವ ಅಂತರ ಯಾರ ಕಣ್ಣಿಗಾದರೂ ಕಾಣುತ್ತದೆ. ಅದರಲ್ಲೂ ಬೆಂಬಲ ಬೆಲೆ ಎಲ್ಲರಿಗೂ ಸಿಗುವುದಿಲ್ಲ. ಖರೀದಿ ಕೇಂದ್ರಕ್ಕೆ ಹೋಗಲು ಪಹಣಿಗೆ ಜೋಡಿಸಿದ ರೈತರ ಗುರುತಿನ ಸಂಖ್ಯೆ ಬೇಕು. ಬಾಯಿಮಾತಿನ ವಾರಕ್ಕೋ ಗುತ್ತಿಗೆಗೋ ಗದ್ದೆ ಮಾಡಿದವರ ಬಳಿ ಅದಿರುವುದಿಲ್ಲ. ಅವರ ಪಾಲಿಗೆ ರಸ್ತೆ ಬದಿಯ ಲಾರಿಯೇ ಖರೀದಿ ಕೇಂದ್ರ.

ಇಲ್ಲಿಗೆ ಮೊದಲ ಆಕ್ಷೇಪ ಎದ್ದು ನಿಲ್ಲುತ್ತದೆ: ರೈತರು ಬೆಳೆಯಲಿ, ವ್ಯಾಪಾರ ವ್ಯಾಪಾರಿಗಳಿಗಿರಲಿ, ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿರುವವರು ಮಾರುಕಟ್ಟೆಯ ಲೆಕ್ಕ ಇಡುವುದೆಂತು? ಇದಕ್ಕೆ ಉತ್ತರ ಇದೇ ಊರುಗಳ ಹಾಲಿನ ಡೇರಿ. ಬೆಳಗ್ಗೆ, ಸಂಜೆ ಕ್ಯಾನು ಹಿಡಿದು ಸಾಲು ನಿಂತವರ ಎದುರಿಗೇ ತೂಕ, ಎದುರಿಗೇ ಜಿಡ್ಡಿನ ಪರೀಕ್ಷೆ, ಕೈಗೆ ಚೀಟಿ, ಬ್ಯಾಂಕಿಗೆ ಹಣ. ಒಂದು ಎಮ್ಮೆ ಸಾಕಿದ ವಿಧವೆಗೂ ಹತ್ತು ಹಸು ಕಟ್ಟಿದ ಗೌಡರಿಗೂ ಒಂದೇ ಮಾಪನ. ಅದೇ ಹಾಲು ಮೊಸರಾಗಿ, ತುಪ್ಪವಾಗಿ, ಪೇಡವಾಗಿ ನಂದಿನಿ ಹೆಸರಿನಲ್ಲಿ ಹೋಗುತ್ತದೆ. ಆ ಹೆಸರು ಒಕ್ಕೂಟದ್ದು, ಒಕ್ಕೂಟ ಹಾಲು ಹಾಕುವವರದು. ಗಂಟೆಗಳಲ್ಲಿ ಕೆಡುವ ಹಾಲಿಗೆ ಇಷ್ಟು ವ್ಯವಸ್ಥೆ ಕಟ್ಟಿಕೊಂಡವರು ವರ್ಷಗಟ್ಟಲೆ ಕೆಡದ ಭತ್ತವನ್ನು ಕೊಯ್ದ ದಿನವೇ ಕೈಬಿಡುತ್ತಾರೆ ಎಂಬುದು ಈ ಸೀಮೆಯ ವಿಚಿತ್ರ. ಹಾಲಿನಲ್ಲಿ ಬಂದ ಬುದ್ಧಿ ಭತ್ತಕ್ಕೆ ಬರಲಾರದೆನ್ನಲು ಕಾರಣವೇ ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ದಲ್ಲಾಳಿಯನ್ನು ಬೈಯುವುದು ಸುಲಭ. ಆದರೆ ಮಗಳ ಮದುವೆಗೆ, ಆಸ್ಪತ್ರೆಗೆ, ಗೊಬ್ಬರಕ್ಕೆ ಮಧ್ಯರಾತ್ರಿ ಹೋದರೂ ದುಡ್ಡು ಕೊಡುವವರು ಅವರೇ. ಯಾವ ಸಂಘ ಹಾಗೆ ಕೊಡುತ್ತದೆ? ನಿಜ. ಮಂಡಿಯವರು ಕೊಳ್ಳುವುದು ಬರಿಯ ಸರಕನ್ನಲ್ಲ, ರೈತರ ಅವಸರವನ್ನು. ಆದ್ದರಿಂದಲೇ ಕಾಯುವ ಶಕ್ತಿಯ ಮಾತು. ನಮ್ಮ ಸಾಲದ ವ್ಯವಸ್ಥೆ ಬಿತ್ತನೆಗೆ ಧಾರಾಳ, ಕೊಯ್ಲಿಗೆ ಜಿಪುಣ. ಸಹಕಾರ ಸಂಘಗಳಲ್ಲಿ ಐದು ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆ ಸಾಲ ಸಿಗುತ್ತದೆ. ಬೆಳೆ ಕೈಗೆ ಬಂದ ಮೇಲೆ ಅದನ್ನು ನಾಲ್ಕು ತಿಂಗಳು ಹಿಡಿದಿಡಲು ಸಾಲ ಕೇಳುವವರೂ ಕಡಿಮೆ, ಕೊಡುವವರೂ ಕಡಿಮೆ. ದಾಸ್ತಾನಿನ ರಸೀದಿಯನ್ನೇ ಅಡವಿಟ್ಟು ಬ್ಯಾಂಕಿನಲ್ಲಿ ಹಣ ಪಡೆಯುವ ಕಾನೂನು 2007ರಲ್ಲೇ ಬಂದಿದೆ. ಅದಕ್ಕೆ ನೋಂದಾಯಿತ ಗೋದಾಮು ಬೇಕು, ಹದವಾಗಿ ಒಣಗಿದ ಕಾಳು ಬೇಕು, ಒಂದು ಲಾರಿಯಷ್ಟಾದರೂ ಒಂದೇ ತಳಿಯ ರಾಶಿ ಬೇಕು. ಎರಡು ಎಕರೆಯವರಿಗೆ ಒಬ್ಬಂಟಿಯಾಗಿ ಈ ಮೂರೂ ಆಗದ ಮಾತು; ಐವತ್ತು ಜನಕ್ಕೆ ಆಗುತ್ತದೆ. ಸಂಘ ದಲ್ಲಾಳಿಯಷ್ಟು ಬೇಗ ದುಡ್ಡು ಕೊಡಲಾರದಿರಬಹುದು. ಸುಗ್ಗಿಯ ಮರುದಿನ ಬೆಲೆಯ ಅರ್ಧದಷ್ಟು ಮುಂಗಡ ಕೊಡುವಂತಾದರೂ ಅವಸರದ ಕತ್ತು ಹಿಸುಕುವ ಪಟ್ಟು ಸಡಿಲವಾಗುತ್ತದೆ.

ನರಸೀಪುರದಲ್ಲಿ ಕಬಿನಿ ಕಾವೇರಿಯನ್ನು ಸೇರುತ್ತದೆ. ಅಲ್ಲಿ ರೇಷ್ಮೆ ಉದ್ಯಮಗಳ ನಿಗಮದ ನೂಲು ತೆಗೆಯುವ ಕಾರ್ಖಾನೆಯಿದೆ. 1912ರಲ್ಲಿ ಮೈಸೂರಿನಲ್ಲಿ ಶುರುವಾದ ನೇಯ್ಗೆ ಕಾರ್ಖಾನೆಗೆ ನೂಲು ಹೋಗುವುದು ಇಲ್ಲಿಂದ. ಬಿಸಿನೀರಿನಲ್ಲಿ ಗೂಡುಗಳು ಕುಣಿಯುತ್ತವೆ. ಕಣ್ಣಿಗೆ ಕಂಡೂ ಕಾಣದ ಎಳೆಯ ತುದಿ ಹಿಡಿದು, ಹಲವು ಗೂಡಿನ ಎಳೆಗಳನ್ನು ಕೂಡಿಸಿ, ರಾಟೆಗೆ ಸುತ್ತಬೇಕು. ಒಂದು ಕೆ.ಜಿ. ನೂಲಿಗೆ ಆರೇಳು ಕೆ.ಜಿ. ಗೂಡು ಬೇಕು. ಗೂಡಿನಿಂದ ಚಿನ್ನ ಬೆಳ್ಳಿಯ ಜರಿಯ ಸೀರೆಯವರೆಗೆ ಇಷ್ಟು ಪೂರ್ತಿಯಾದ ಮೌಲ್ಯವರ್ಧನೆ ಈ ಸೀಮೆಯಲ್ಲಿ ಇನ್ನೊಂದಿಲ್ಲ, ಮತ್ತು ಅದು ಸರ್ಕಾರದ್ದು ಎಂಬುದನ್ನು ಸರ್ಕಾರಿ ಉದ್ದಿಮೆ ಎಂದರೆ ಮೂಗು ಮುರಿಯುವವರು ನೆನಪಿಡಬೇಕು. ಆದರೂ ಹಿಪ್ಪುನೇರಳೆ ಬೆಳೆದು, ರಾತ್ರಿಯಿಡೀ ಹುಳುವಿಗೆ ಸೊಪ್ಪು ಹಾಕಿ, ಚಂದ್ರಿಕೆಯಿಂದ ಗೂಡು ಬಿಡಿಸಿದವರಿಗೆ ಸಿಗುವುದು ಆ ದಿನದ ಹರಾಜಿನ ಬೆಲೆ. ಸೀರೆಗೆ ಸಾಲು ನಿಂತರೂ ಅದರ ಕಾವು ಹುಳುಮನೆಗೆ ತಟ್ಟಬೇಕೆಂದೇನಿಲ್ಲ. ಕಬ್ಬಿಗೆ ಕೇಳಿದ ಪಾಲನ್ನು ಗೂಡಿಗೂ ಕೇಳಬೇಕಾದ ಕಾಲ ಬಂದಿದೆ. ವರ್ಷದ ಕೊನೆಗೆ ನಿಗಮದ ಲಾಭದಲ್ಲಿ ಗೂಡು ಕೊಟ್ಟವರಿಗೊಂದು ಬೋನಸ್ ಎನ್ನುವುದು ಕ್ರಾಂತಿಯೇನಲ್ಲ, ಹಾಲಿನ ಸಂಘಗಳು ಎಂದೋ ಮಾಡಿಕೊಂಡು ಬಂದ ರೂಢಿ. ಇದೇ ತಾಲೂಕಿನ ಬನ್ನೂರಿನ ಕುರಿಯದೂ ಹೆಚ್ಚು ಕಡಿಮೆ ಇದೇ ಪಾಡು: ಹೆಸರು ಹೋಟೆಲಿನ ಹಲಗೆಯ ಮೇಲಿದೆ, ಕುರಿಗಾರರು ಸಂತೆಯಲ್ಲಿದ್ದಾರೆ.

ಸಂಘ, ಕಂಪನಿ ಎಲ್ಲ ಕಟ್ಟಿ ನೋಡಿಯಾಯಿತು, ಎಷ್ಟೋ ರೈತ ಉತ್ಪಾದಕ ಕಂಪನಿಗಳು ಬೋರ್ಡಿಗಷ್ಟೇ ಉಳಿದಿವೆ ಎನ್ನುವುದು ಕೊನೆಯ ಆಕ್ಷೇಪ. ಇದನ್ನು ತಳ್ಳಿಹಾಕುವಂತಿಲ್ಲ. 2020ರಲ್ಲಿ ದೇಶಕ್ಕೆ ಹತ್ತು ಸಾವಿರ ಕಂಪನಿಗಳ ಗುರಿ ಹಾಕಿಕೊಂಡಾಗ ಲೆಕ್ಕ ತುಂಬಿಸುವ ಆತುರವೂ ಜೊತೆಗೇ ಬಂತು. ಗೊಬ್ಬರ, ಬಿತ್ತನೆ ಬೀಜದ ಅಂಗಡಿಯಿಂದ ಮುಂದೆ ಹೋಗದ ಕಂಪನಿ ರೈತರದಾದರೂ ಅದು ಅಂಗಡಿಯೇ. ಹಾಗಿದ್ದರೆ ಬದುಕಿ ಬೆಳೆದವು ಏನು ಮಾಡಿದವು? ಅಡಿಕೆ ಬೆಲೆ ಕುಸಿದು ದಕ್ಷಿಣ ಕನ್ನಡ, ಕಾಸರಗೋಡಿನ ಬೆಳೆಗಾರರು ಕಂಗಾಲಾಗಿದ್ದಾಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಅದು ಮೊದಲು ಮಾಡಿದ್ದು ಅಡಿಕೆ ಕೊಳ್ಳುವುದು, ವಿಂಗಡಿಸುವುದು, ಇಟ್ಟುಕೊಳ್ಳುವುದು, ಬೆಲೆ ಬಂದಾಗ ಮಾರುವುದು. ಬೇಸರ ತರಿಸುವ ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದ ಮೇಲೆ, 1986ರಲ್ಲಿ, ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಯಂತ್ರ ಬರುವುದಕ್ಕೆ ಹದಿಮೂರು ವರ್ಷ ಮೊದಲು ನಂಬಿಕೆ ಬಂದಿತ್ತು. ನಮ್ಮ ಯೋಜನೆಗಳು ಮೂರು ವರ್ಷ ನಿರ್ವಹಣೆ ವೆಚ್ಚ ಕೊಟ್ಟು ನಾಲ್ಕನೆಯ ವರ್ಷ ಸ್ವಾವಲಂಬನೆ ಬಯಸುತ್ತವೆ. ಸೋತದ್ದು ಸಂಘದ ಕಲ್ಪನೆಯೋ ಯೋಜನೆಯ ಅವಸರವೋ ಎಂದು ಕೇಳಿಕೊಳ್ಳಬೇಕು.

ಆದ್ದರಿಂದ ನಂಜನಗೂಡು, ನರಸೀಪುರ ತಾಲೂಕುಗಳ ಪಂಚಾಯಿತಿಗಳೂ ಸಹಕಾರ ಸಂಘಗಳೂ ಮುಂದಿನ ಸುಗ್ಗಿಯೊಳಗೆ ಕೇಳಬೇಕಾದದ್ದು ಪುಡಿ ಮಾಡುವ ಯಂತ್ರವನ್ನಲ್ಲ. ಊರಿಗೊಂದು ಸಿಮೆಂಟಿನ ಕಣ, ಒಂದು ತೇವಾಂಶ ಮಾಪಕ, ರೈತರ ಎದುರಿಗೇ ತೂಗುವ ತಕ್ಕಡಿ, ಎರಡು ಕೀಲಿಯ ಗೋದಾಮು. ಹದಿನಾರಿನಂಥ ಊರಿನಲ್ಲಿ ಮೊದಲ ವರ್ಷ ಒಂದೇ ತಳಿಯ ಭತ್ತ, ಒಂದೇ ಗೋದಾಮು ಸಾಕು. ಸುತ್ತೂರು ಜಾತ್ರೆಗೆ ಪ್ರತಿ ವರ್ಷ ಬಂದು ಸೇರುವ ಲಕ್ಷಾಂತರ ಜನರಿಗೆ ಊರಿನ ಹೆಸರಿನ ಚೀಲದಲ್ಲಿ ಹಳೆ ಅಕ್ಕಿ ಮಾರಿ ನೋಡಲಿ. ಲೆಕ್ಕವನ್ನು ಡೇರಿಯ ಗೋಡೆಗೆ ಅಂಟಿಸಲಿ. ದೇವರಸನಹಳ್ಳಿಯ ಸುತ್ತ ಬಾಳೆ ಉಳಿಸಿಕೊಂಡಿರುವವರು ಇಲಾಖೆಯ ಕಡತದಲ್ಲಿರುವ ಹೆಸರನ್ನು ತಮ್ಮ ಗೊನೆಯ ಮೇಲೆ ತರಲು ಹೆಚ್ಚು ಖರ್ಚು ಮಾಡಬೇಕಾಗಿಯೂ ಇಲ್ಲ. ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಾಗಲು ಬೆಳೆಗಾರರು ಹಾಕುವ ಅರ್ಜಿಯ ಶುಲ್ಕವನ್ನು 2020ರಲ್ಲೇ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಲಾಗಿದೆ.